ಇಂಟರ್‌ವ್ಯೂ ಆಯಿತು, ಸುದ್ದಿಯೇ ಇಲ್ಲ

ಪ್ರಶ್ನೆ: ನನಗೆ 24 ವರ್ಷ, ಊರು ಕಾಪು, ಎಂ.ಕಾಂ. ಮುಗಿಸಿದ್ದೇನೆ. ಮಂಗಳೂರಿನ ಒಂದು ಕಂಪನಿಯ ಅಕೌಂಟ್ಸ್ ವಿಭಾಗಕ್ಕೆ ಎರಡು ಸುತ್ತು ಇಂಟರ್‌ವ್ಯೂ ಆಯಿತು. ‘ಮತ್ತೆ ತಿಳಿಸುತ್ತೇವೆ’ ಎಂದರು. ಮೂರು ವಾರವಾದರೂ ಫೋನಿಲ್ಲ. ಇದು ಆಗಬಹುದು ಅಂತ ಬೇರೆ ಕಡೆ ಅರ್ಜಿ ಹಾಕುವುದನ್ನೂ ನಿಲ್ಲಿಸಿದ್ದೇನೆ. ರಾತ್ರಿ ಎದ್ದು ಮೇಲ್ ನೋಡುತ್ತೇನೆ. ಮನೆಗೆ ಬಂದವರೆಲ್ಲ ‘ಕೆಲಸದ್ದು ಎಂತ ಆಯ್ತು?’ ಎನ್ನುತ್ತಾರೆ. ತಾಳ್ಮೆ ತಂದುಕೊಳ್ಳುವುದು ಹೇಗೆ?

ಉತ್ತರ: ಮೂರು ವಾರ ಫೋನ್ ಬರಲಿಲ್ಲ ಎಂದ ಮಾತ್ರಕ್ಕೆ ಕೆಲಸ ಕೈತಪ್ಪಿತು ಎಂದುಕೊಳ್ಳಬೇಡಿ. ಒಂದು ಹುದ್ದೆಗೆ ಕಂಪನಿಯವರು ಸಾಮಾನ್ಯವಾಗಿ ಇಬ್ಬರು ಮೂವರನ್ನು ನೋಡಿಟ್ಟಿರುತ್ತಾರೆ. ಆಫರ್ ಲೆಟರ್ ಮೊದಲನೆಯವರಿಗೆ ಹೋಗುತ್ತದೆ. ಅವರು ಬೇರೆ ಕಡೆ ಕೆಲಸದಲ್ಲಿದ್ದರೆ ರಾಜೀನಾಮೆ ಕೊಟ್ಟ ಮೇಲೂ ಅಲ್ಲಿ ನೋಟಿಸ್ ಪೀರಿಯಡ್ ಮುಗಿಸಬೇಕು. ಕೆಲವು ಕಡೆ ಅದು 90 ದಿನದವರೆಗೂ ಇರುತ್ತದೆ. ಅಷ್ಟರಲ್ಲಿ ಹಳೆ ಕಂಪನಿಯೇ ಸಂಬಳ ಜಾಸ್ತಿ ಮಾಡಿ ಅವರನ್ನು ಉಳಿಸಿಕೊಳ್ಳಬಹುದು. ಹಾಗಾಗಿ ಅವರು ಬಂದು ಸೇರುವ ತನಕ ಎರಡನೆಯವರಿಗೆ ‘ಇಲ್ಲ’ ಎನ್ನಲು ಎಚ್‌ಆರ್‌ನವರು ಹಿಂದೇಟು ಹಾಕುತ್ತಾರೆ. ಕೆಲವೊಮ್ಮೆ ಹುದ್ದೆಗೆ ಹೆಡ್ ಆಫೀಸಿನ ಒಪ್ಪಿಗೆಯೇ ಬಂದಿರುವುದಿಲ್ಲ. ಆದರೂ ಹೀಗೆ ಸುಮ್ನೆ ಕಾಯಿಸುವುದು ತಪ್ಪು. ಎರಡು ಸಾಲು ಬರೆಯಲು ಎಷ್ಟು ಹೊತ್ತು ಬೇಕು?

ಅವರು ಬರೆಯದಿದ್ದರೆ ನೀವು ಬರೆಯಿರಿ. ‘ಇಂಥ ದಿನ, ಇಂಥ ಹುದ್ದೆಗೆ ಇಂಟರ್‌ವ್ಯೂಗೆ ಬಂದಿದ್ದೆ. ಈಗಲೂ ಆಸಕ್ತಿ ಇದೆ. ಯಾವಾಗ ತಿಳಿಸಬಹುದು?’ ಇಷ್ಟೇ ಸಾಕು. ಒಂದು ವಾರ ನೋಡಿ ಒಮ್ಮೆ ಫೋನ್ ಮಾಡಿ. ಆಮೇಲೆ ಅದನ್ನು ಬಿಟ್ಟುಬಿಡಿ. ಮುಂದಿನ ಸಲ ಇಂಟರ್‌ವ್ಯೂನಿಂದ ಏಳುವ ಮೊದಲೇ ‘ಎಷ್ಟು ದಿನದಲ್ಲಿ ತಿಳಿಸುತ್ತೀರಿ?’ ಎಂದು ಕೇಳಿಕೊಳ್ಳಿ.

ನಿಮ್ಮ ಪತ್ರದಲ್ಲಿ ನನಗೆ ಬೇಸರ ತಂದದ್ದು ಅರ್ಜಿ ನಿಲ್ಲಿಸಿದ ವಿಷಯ. ಇರುವುದು ಒಂದೇ ಆಸೆ ಎಂದಾದರೆ ತಾಳ್ಮೆ ಎಲ್ಲಿಂದ ಬರಬೇಕು? ನಾಳೆಯಿಂದಲೇ ಮತ್ತೆ ಶುರು ಮಾಡಿ. ಎಂ.ಕಾಂ. ಆದವರಿಗೆ ಉಡುಪಿ, ಮಂಗಳೂರಿನಲ್ಲಿ ಕೇಳಲು ಜಾಗ ಬೇಕಾದಷ್ಟಿವೆ: ಸಹಕಾರಿ ಸಂಘಗಳು, ಆಸ್ಪತ್ರೆ, ಕಾಲೇಜುಗಳ ಅಕೌಂಟ್ಸ್ ವಿಭಾಗ, ಸಿಎ ಆಫೀಸುಗಳು. ಸಿಎ ಆಫೀಸಿಗೆ ಹೋಗುವುದಾದರೆ 20ನೇ ತಾರೀಕು ಕಳೆದ ಮೇಲೆ ಹೋಗಿ. ಅದು ತಿಂಗಳ ಜಿಎಸ್‌ಟಿ ಲೆಕ್ಕ ಸಲ್ಲಿಸುವ ಜಿಎಸ್‌ಟಿಆರ್-3ಬಿ ರಿಟರ್ನ್‌ನ ಕೊನೆ ದಿನ. ಅಲ್ಲಿಯವರೆಗೆ ನಿಮ್ಮ ಜೊತೆ ಮಾತಾಡಲು ಅವರಿಗೆ ಪುರುಸೊತ್ತಿರುವುದಿಲ್ಲ. ಸಂಬಳ ಕಡಿಮೆ ಇರಬಹುದು. ಆದರೆ ಟ್ಯಾಲಿ ಸಾಫ್ಟ್‌ವೇರ್, ರಿಟರ್ನ್ ಕೆಲಸ ಕೈಗೆ ಹತ್ತಿದರೆ ಮುಂದಿನ ಇಂಟರ್‌ವ್ಯೂನಲ್ಲಿ ಹೇಳಿಕೊಳ್ಳಲು ಏನಾದರೂ ಇರುತ್ತದೆ ಅಲ್ವಾ? ಜೊತೆಗೆ ಬ್ಯಾಂಕ್ ಕೆಲಸಕ್ಕೆ ನಡೆಯುವ ಐಬಿಪಿಎಸ್ ಪರೀಕ್ಷೆಗೂ ಓದಿ.

ಮೇಲ್ ದಿನಕ್ಕೆ ಎರಡೇ ಸಲ ನೋಡಿ, ಸ್ಪ್ಯಾಮ್ ಫೋಲ್ಡರ್ ಸಹಿತ. ಫೋನಿನ ರಿಂಗ್ ಜೋರಾಗಿಟ್ಟು ಪಕ್ಕಕ್ಕಿಡಿ. ನೆಂಟರಿಗೆ ‘ಇಂಟರ್‌ವ್ಯೂ ಆಗಿದೆ, ಇನ್ನೂ ಹೇಳಲಿಲ್ಲ’ ಎಂದರೆ ಸಾಕು. ಪೂರ್ತಿ ಕಥೆ ಅಮ್ಮನಿಗೆ ಮಾತ್ರ ಹೇಳಿ.

ಒಂದು ಎಚ್ಚರಿಕೆ. ಕಾಯುತ್ತಿರುವವರನ್ನೇ ಹುಡುಕುವ ಮೋಸಗಾರರಿದ್ದಾರೆ. ಆಫರ್ ಲೆಟರ್‌ಗೆ ಡೆಪಾಸಿಟ್, ಟ್ರೈನಿಂಗ್ ಫೀಸ್ ಎಂದು ಯಾರೇ ಕೇಳಿದರೂ ಒಂದು ರೂಪಾಯಿ ಕೊಡಬೇಡಿ. ಹಣ ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಇಷ್ಟೆಲ್ಲ ಮಾಡಿಯೂ ರಾತ್ರಿ ನಿದ್ದೆ ಬರದಿದ್ದರೆ, ಊಟ ಸೇರದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು, ಯಾವ ಹೊತ್ತಿಗಾದರೂ ಸಿಗುತ್ತಾರೆ.