ಸಿಡ್ನಿಯ ಆ ಮೂರನೆಯ ಯತ್ನ

ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಭಾರತದ ವೇಟ್‌ಲಿಫ್ಟರ್ ಕರ್ಣಂ ಮಲ್ಲೇಶ್ವರಿ ಕೊನೆಯ ಯತ್ನಕ್ಕೆ ಒಮ್ಮೆಲೇ 137.5 ಕಿಲೋ ಏಕೆ ಆರಿಸಿಕೊಂಡರು, 132.5 ಸಾಕಿತ್ತಲ್ಲವೇ ಎಂದು ಕೇಳಿದ್ದೀರಿ. ಲೆಕ್ಕ ನೋಡಿ. 69 ಕಿಲೋ ದೇಹತೂಕದ ವಿಭಾಗದಲ್ಲಿ ಅವರು ಸ್ನ್ಯಾಚ್‌ನಲ್ಲಿ (ನೆಲದಿಂದ ಒಂದೇ ಸಲಕ್ಕೆ ತಲೆಯ ಮೇಲಕ್ಕೆ) 110, ಕ್ಲೀನ್ ಅಂಡ್ ಜರ್ಕ್‌ನಲ್ಲಿ (ಮೊದಲು ಭುಜಕ್ಕೆ, ಅಲ್ಲಿಂದ ತಲೆಯ ಮೇಲಕ್ಕೆ) 130, ಒಟ್ಟು 240 ಎತ್ತಿದ್ದರು; ಆ ಕೊನೆಯ ಯತ್ನ ಕ್ಲೀನ್ ಅಂಡ್ ಜರ್ಕ್‌ನದು. ಚೀನಾದ ಲಿನ್ ವೈನಿಂಗ್ ಮತ್ತು ಹಂಗೇರಿಯ ಮಾರ್ಕುಸ್ ಇಬ್ಬರದೂ 242.5. ಆಗಿನ ನಿಯಮದಂತೆ ಸಮವಾದಾಗ ದೇಹತೂಕ ಕಡಿಮೆಯಿದ್ದವರಿಗೇ ಮೇಲಿನ ಸ್ಥಾನ ಸಿಗುತ್ತಿತ್ತು. ಚಿನ್ನ ಲಿನ್ ಪಾಲಾದದ್ದೂ ಹಾಗೆಯೇ. ಆದ್ದರಿಂದ 132.5 ಎತ್ತಿದ್ದರೆ ಮೂವರೂ ಸಮ, ಅಷ್ಟೆ. ನಿರ್ವಿವಾದವಾಗಿ ಗೆಲ್ಲಲು 135 ಬೇಕಿತ್ತು. 137.5ಕ್ಕಿಂತ ಕಡಿಮೆ ಕೇಳಬಹುದಿತ್ತು ಎಂಬ ನಿಮ್ಮ ಕೊರಗು ನನ್ನದೂ ಹೌದು.

ಆದರೂ ಅದನ್ನು ದುಡುಕು ಎನ್ನಲು ಮನಸ್ಸು ಒಪ್ಪುವುದಿಲ್ಲ. ಕಾಲೇಜಿನ ದಿನಗಳಲ್ಲಿ ನಾನೂ ಭಾರ ಎತ್ತಿದವಳು. ಕುಕ್ಕರಗಾಲಿನಲ್ಲಿ ಕುಳಿತು, ಕೊರಳೆಲುಬಿಗೆ ಒತ್ತುವ ಸರಳನ್ನು ಹೊತ್ತು ಮೇಲೇಳುವಾಗ ಎರಡೂವರೆ ಕಿಲೋ ಹೆಚ್ಚಾದರೂ ತೊಡೆ ನಡುಗುತ್ತದೆ. 1994 ಮತ್ತು 1995ರಲ್ಲಿ 54 ಕಿಲೋ ವಿಭಾಗದ ವಿಶ್ವ ಚಾಂಪಿಯನ್ ಆಗಿದ್ದವರು, ಮಹಿಳೆಯರ ವೇಟ್‌ಲಿಫ್ಟಿಂಗ್ ಒಲಿಂಪಿಕ್ಸ್‌ಗೆ ಮೊದಲ ಬಾರಿ ಬಂದ 2000ದಲ್ಲಿ ಅಷ್ಟು ಮೇಲಿನ ವಿಭಾಗದಲ್ಲಿ ನಿಂತು ಚಿನ್ನಕ್ಕೇ ಕೈಹಾಕಿದರು. ಕಂಚಂತೂ ಆಗಲೇ ಕೈಯಲ್ಲಿತ್ತು, ಒಲಿಂಪಿಕ್ಸ್‌ನಲ್ಲಿ ಭಾರತದ ಮಹಿಳೆಯೊಬ್ಬರು ಗೆದ್ದ ಮೊದಲ ಪದಕ.