ಓದುಗರ ಪ್ರಶ್ನೆ: ‘ಗೆಟ್’ ಆದ ಮೇಲೆ ಏನು?

ಪ್ರಶ್ನೆ: ‘ಗೆಟ್’ ಅಂದರೆ ‘ಪಡೆ’ ಎಂದು ಶಾಲೆಯಲ್ಲಿ ಕಲಿತಿದ್ದೇನೆ. ‘ನನಗ ಸಿಟ್ಟು ಬಂತು’ ಅನ್ನಲಿಕ್ಕೆ ‘ಐ ಗಾಟ್ ಆ್ಯಂಗರ್’ ಎಂದು ಬರೆದರೆ ತಪ್ಪಂತೆ, ‘ಐ ಗಾಟ್ ಅ ಫೀವರ್’ ಸರಿಯಂತೆ. ಎರಡೂ ‘ಬಂತು’ ತಾನೇ?
– ಬಿ.ಕಾಂ. ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ‘ಗೆಟ್’ ಅರ್ಥವನ್ನು ಅದರ ಮುಂದಿನ ಪದ ತೀರ್ಮಾನಿಸುತ್ತದೆ. ಮುಂದೆ ಗುಣವಾಚಕ ಬಂದರೆ ‘ಆಗು’. ನಾಮಪದ ಬಂದರೆ ‘ಸಿಗು’, ‘ಕೊಳ್ಳು’, ‘ತಂದುಕೊಡು’.

ನಿಮ್ಮ ತೊಡಕು ಹುಟ್ಟಿದ್ದು ಕನ್ನಡದಿಂದ. ಸಿಟ್ಟು, ನಿದ್ದೆ, ಹಸಿವು, ಬೇಸರ ನಮಗೆ ನಾಮಪದಗಳು. ಅವು ನಮಗೆ ‘ಬರುತ್ತವೆ’, ‘ಆಗುತ್ತವೆ’. ಇಂಗ್ಲಿಷಿನಲ್ಲಿ ಮನುಷ್ಯನೇ ಆ ಸ್ಥಿತಿಗೆ ಹೋಗುತ್ತಾನೆ, ಆದ್ದರಿಂದ ಗುಣವಾಚಕವೇ ಬೇಕು: ಗೆಟ್ ಆ್ಯಂಗ್ರಿ, ಗೆಟ್ ಹಂಗ್ರಿ, ಗೆಟ್ ಬೋರ್ಡ್. ‘ನಿದ್ದಿ ಬರ್ಲಿಕತ್ತದ’ ಅನ್ನುವುದಕ್ಕೆ ‘ಐ ಆ್ಯಮ್ ಗೆಟಿಂಗ್ ಸ್ಲೀಪಿ’. ಇದನ್ನೇ ‘ಗೆಟಿಂಗ್ ಸ್ಲೀಪ್’ ಅಂದರೆ ‘ನಿದ್ದೆ ಸಿಗುತ್ತಿದೆ’ ಎಂದಾಗುತ್ತದೆ. ಡಾಕ್ಟರು ‘ಆರ್ ಯು ಗೆಟಿಂಗ್ ಎನಫ್ ಸ್ಲೀಪ್?’ ಎಂದು ಕೇಳುವುದು ಈ ಅರ್ಥದಲ್ಲಿ.

ಕಾಯಿಲೆಯ ಮಾತು ಬೇರೆ. ಜ್ವರ, ನೆಗಡಿ, ತಲೆನೋವು ಇಂಗ್ಲಿಷಿನಲ್ಲೂ ನಾಮಪದಗಳೇ, ಹಾಗಾಗಿ ‘ಗಾಟ್ ಅ ಫೀವರ್’ ಸರಿ. ಅಲ್ಲಿರುವ ಪುಟ್ಟ ‘ಅ’ ಬಿಡಬೇಡಿ. ‘ಐ ಗಾಟ್ ಅ ಕೋಲ್ಡ್’ ಅಂದರೆ ನೆಗಡಿ ಬಂತು. ‘ಅ’ ತೆಗೆದು ‘ಐ ಗಾಟ್ ಕೋಲ್ಡ್’ ಅಂದರೆ ಚಳಿ ಹತ್ತಿತು. ಒಂದೇ ಅಕ್ಷರ, ‘ಕೋಲ್ಡ್’ ನಾಮಪದದಿಂದ ಗುಣವಾಚಕವಾಯಿತು. ಈ ಜೋಡಿಯೊಂದು ನೆನಪಿದ್ದರೆ ಉಳಿದದ್ದು ತಾನಾಗಿ ಹೊಳೆಯುತ್ತದೆ.

‘ತಡವಾಯಿತು’ ಮಾತ್ರ ಹುಷಾರು. ‘ಇಟ್ ಗಾಟ್ ಲೇಟ್’ ಅಂದರೆ ಹೊತ್ತಾಯಿತು. ನೀವು ಕಾಲೇಜಿಗೆ ತಡವಾಗಿ ಹೋದದ್ದಕ್ಕೆ ‘ಐ ಗಾಟ್ ಲೇಟ್’ ಬೇಡ, ‘ಐ ವಾಸ್ ಲೇಟ್’ ಸಾಕು.

ಇನ್ನು ‘ಗೆಟ್’ ಪದದ ಮುಂದೆ ಊರಿನ ಹೆಸರಿದ್ದರೆ ನಡುವೆ ‘ಟು’ ಬೇಕು. ‘ವಿ ಗಾಟ್ ಟು ಯಾದಗಿರಿ ಅಟ್ ಟೆನ್’ ಅಂದರೆ ಹತ್ತಕ್ಕೆ ಯಾದಗಿರಿ ಮುಟ್ಟಿದೆವು. ‘ಟು’ ಬಿಟ್ಟರೆ ಯಾದಗಿರಿಯೇ ನಮ್ಮ ಕೈಗೆ ಸಿಕ್ಕಂತೆ! ಹೋಮ್, ಹಿಯರ್, ದೇರ್ ಮುಂದಿದ್ದಾಗ ‘ಟು’ ಬೇಡ: ಗೆಟ್ ಹೋಮ್. ಮನೆಗೆ, ಇಲ್ಲಿಗೆ, ಅಲ್ಲಿಗೆ ಅನ್ನುವಾಗಿನ ‘ಗೆ’ ಆ ಪದಗಳ ಹೊಟ್ಟೆಯಲ್ಲೇ ಇದೆ.

‘ಅವರ ಜೊತೆ ಮದುವೆಯಾಯಿತು’ ಅನ್ನುವ ‘ಜೊತೆ’ಯನ್ನು ‘ವಿತ್’ ಮಾಡಬೇಡಿ. ‘ಗಾಟ್ ಮ್ಯಾರೀಡ್ ಟು’. ರೂಢಿಯಾಗುವುದಕ್ಕೆ ‘ಗೆಟ್ ಯೂಸ್ಡ್ ಟು’. ಇಲ್ಲಿನ ‘ಟು’ ಮುಂದೆ ನಾಮಪದ ಅಥವಾ ‘ಇಂಗ್’ ರೂಪ ಬರುತ್ತದೆ: ಕಲಬುರಗಿಯ ಬಿಸಿಲಿಗೆ ಹೊಂದಿಕೊಂಡವರು ‘ಗಾಟ್ ಯೂಸ್ಡ್ ಟು ದ ಹೀಟ್’, ನಸುಕಿನಲ್ಲಿ ಏಳುವುದು ರೂಢಿಯಾದವರು ‘ಗಾಟ್ ಯೂಸ್ಡ್ ಟು ಗೆಟಿಂಗ್ ಅಪ್ ಅರ್ಲಿ’. ಇಲ್ಲಿ ‘ಟು ಗೆಟ್ ಅಪ್’ ತಪ್ಪು.

ನೋಟ್‌ಬುಕ್ಕಿನಲ್ಲಿ ‘ಗೆಟ್’ ಒಂದನ್ನೇ ಬರೆದು ಹತ್ತು ಅರ್ಥ ಕೊಡಬೇಡಿ. ಪಕ್ಕದ ಪದ ಸೇರಿಸಿ ಬರೆಯಿರಿ, ಎದುರಿಗೆ ನೀವು ಮನೆಯಲ್ಲಿ ಆಡುವ ಕನ್ನಡವನ್ನೇ ಬರೆಯಿರಿ.

ಪ್ರಶ್ನೆ: ಹುಮನಾಬಾದಿನಲ್ಲಿ ಬಸ್ ಇಳಿದೆ ಅನ್ನಲಿಕ್ಕೆ ‘ಗಾಟ್ ಡೌನ್ ಫ್ರಮ್ ದ ಬಸ್’ ಅಂದರೆ ಏನು ತಪ್ಪು?
– ಓದುಗರು, ಬೀದರ್

ಉತ್ತರ: ನಮ್ಮ ದೇಶದಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ಮಾತಿಗೆ ಅಡ್ಡಿಯಿಲ್ಲ. ಪರೀಕ್ಷೆ, ಸಂದರ್ಶನಗಳಲ್ಲಿ ‘ಗಾಟ್ ಆಫ್ ದ ಬಸ್’ ಅನ್ನಿ. ‘ಗೆಟ್ ಡೌನ್’ ಮರ, ಏಣಿ, ಗೋಡೆಯಿಂದ ಇಳಿಯುವುದಕ್ಕೆ. ಒಳಗೆ ನಿಂತು ಓಡಾಡಬಹುದಾದ ಬಸ್, ರೈಲು, ವಿಮಾನಕ್ಕೆ ಹತ್ತುವಾಗ ‘ಆನ್’, ಇಳಿಯುವಾಗ ‘ಆಫ್’. ಮೇಲೆ ಕೂರುವ ಸೈಕಲ್, ಬೈಕು, ಕುದುರೆಗೂ ಅದೇ. ತಲೆ ಬಗ್ಗಿಸಿ ಒಳಗೆ ಕೂರುವ ಕಾರು, ಆಟೊಗೆ ‘ಗೆಟ್ ಇನ್’, ‘ಗೆಟ್ ಔಟ್ ಆಫ್’. ‘ಆಫ್’ ಎರಡು ಬೇರೆ ಪದ ಎಂಬುದನ್ನು ಗಮನಿಸಿ: ಬಸ್ಸಿನದಕ್ಕೆ ಎರಡು ‘ಎಫ್’, ಆಟೊದ್ದಕ್ಕೆ ಒಂದೇ.