ಆ ಯುದ್ಧದಲ್ಲಿ ನಾನೆಲ್ಲಿರುತ್ತಿದ್ದೆ?

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಮೂರು ಪತ್ರಗಳ ಕುತೂಹಲ ಒಂದೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ತಾವು ಹರೆಯದಲ್ಲಿದ್ದರೆ ಎಲ್ಲಿ, ಯಾವ ಕೆಲಸದಲ್ಲಿ ಇರುತ್ತಿದ್ದೆವು ಎಂದು ಮೂವರೂ ಕೇಳಿದ್ದಾರೆ. ಮೂವರಿಗೂ ಇಲ್ಲಿಯೇ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನನಗೆ 26 ವರ್ಷ. ವಾಣಿಜ್ಯ ಪದವೀಧರ, ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಬಾಲ್ಯದಿಂದಲೂ ಕನ್ನಡಕ ಇದೆ. ಎರಡನೆಯ ಮಹಾಯುದ್ಧದ ಬಗ್ಗೆ ಓದುವಾಗಲೆಲ್ಲ ನಾನು ಯುದ್ಧವಿಮಾನದ ಪೈಲಟ್ ಆಗಿದ್ದಂತೆ ಕಲ್ಪಿಸಿಕೊಳ್ಳುತ್ತೇನೆ. 1942ರಲ್ಲಿ ನನಗೆ ಇದೇ ವಯಸ್ಸಾಗಿದ್ದರೆ ನಾನು ನಿಜವಾಗಿ ಎಲ್ಲಿರುತ್ತಿದ್ದೆ?

ಉತ್ತರ: ಅರ್ಧ ಉತ್ತರವನ್ನು ನೀವೇ ಬರೆದು ಕಳಿಸಿದ್ದೀರಿ. ಯುದ್ಧಕಾಲದ ಸೇನೆ ಒಬ್ಬ ಯುವಕನ ಆಸೆ ಏನೆಂದು ಮೊದಲು ಕೇಳುತ್ತಿರಲಿಲ್ಲ. ಅವನ ವಯಸ್ಸು, ಕಣ್ಣು, ಎದೆಯ ಸುತ್ತಳತೆ, ಓದು, ಕಲಿತ ಕಸುಬು ಇಷ್ಟನ್ನು ನೋಡಿ, ಆ ತಿಂಗಳು ಯಾವ ವಿಭಾಗದಲ್ಲಿ ಜನ ಕಡಿಮೆ ಬಿದ್ದಿದ್ದಾರೋ ಅಲ್ಲಿಗೆ ಕಳಿಸುತ್ತಿತ್ತು. ಈ ಕೊನೆಯ ಅಂಶವನ್ನು ಕಲ್ಪಿಸಿಕೊಳ್ಳುವವರು ಸಾಮಾನ್ಯವಾಗಿ ಮರೆಯುತ್ತಾರೆ. ಬ್ರಿಟನ್ನಿನಲ್ಲಿ 1943ರ ಕೊನೆಗೆ ಕಲ್ಲಿದ್ದಲ ಗಣಿಗಳಿಗೆ ಆಳು ಸಾಲದೇ ಹೋದಾಗ, ಕಾರ್ಮಿಕ ಸಚಿವ ಅರ್ನೆಸ್ಟ್ ಬೆವಿನ್ ಅವರು ಸೇನೆಗೆ ಕರೆ ಬಂದ ಹುಡುಗರಲ್ಲೇ ಹತ್ತರಲ್ಲೊಬ್ಬರನ್ನು ಚೀಟಿ ಎತ್ತಿ ಗಣಿಗೆ ಕಳಿಸುವ ವ್ಯವಸ್ಥೆ ಮಾಡಿದರು. ಎತ್ತಿದ ಅಂಕಿ ನಿಮ್ಮ ನೋಂದಣಿ ಸಂಖ್ಯೆಯ ಕೊನೆಯ ಅಂಕಿಯಾಗಿದ್ದರೆ ಮುಗಿಯಿತು. ನೌಕಾಪಡೆಯ ಕನಸು ಕಂಡಿದ್ದರೂ ನೀವು ಇಳಿಯಬೇಕಾದದ್ದು ಗಣಿಗೆ. ಸ್ವಂತ ಇಚ್ಛೆಯಿಂದ ಗಣಿಯನ್ನು ಆರಿಸಿಕೊಂಡವರೂ ಸೇರಿ ಸುಮಾರು 48,000 ಯುವಕರು ಹೀಗೆ ಯುದ್ಧಕಾಲವನ್ನು ನೆಲದಡಿಯಲ್ಲಿ ಕಳೆದರು. ಮೈಮೇಲೆ ಸಮವಸ್ತ್ರವಿಲ್ಲದ ಕಾರಣ ಬೀದಿಯಲ್ಲಿ ಹೇಡಿಗಳೆಂದು ಹೀಯಾಳಿಸಿಕೊಂಡ ಹುಡುಗರೂ ಅವರಲ್ಲಿದ್ದರು ಎಂಬುದು ನನ್ನನ್ನು ಇಂದಿಗೂ ಕಾಡುವ ಸಂಗತಿ.

ಭಾರತದಲ್ಲಿ ಕಡ್ಡಾಯ ಸೇವೆ ಇರಲಿಲ್ಲ. 1939ರಲ್ಲಿ ಸುಮಾರು 2 ಲಕ್ಷದಷ್ಟಿದ್ದ ಭಾರತೀಯ ಸೇನೆ 1945ರ ಹೊತ್ತಿಗೆ ಸುಮಾರು 25 ಲಕ್ಷಕ್ಕೆ ಬೆಳೆದದ್ದು ತಾವಾಗಿ ಸೇರಿದವರಿಂದ. ಕೆಲವೇ ಪ್ರಾಂತ್ಯ ಮತ್ತು ಜಾತಿಗಳ ಜನ ಮಾತ್ರ ‘ಯೋಧ ಕುಲ’ದವರು ಎಂಬ ಹಳೆಯ ನಂಬಿಕೆಯ ಮೇಲೆ ನಡೆಯುತ್ತಿದ್ದ ಭರ್ತಿ, ಚಾಲಕರು, ಮೆಕ್ಯಾನಿಕ್‌ಗಳು, ವೈರ್‌ಲೆಸ್ ಬಲ್ಲವರು, ಗುಮಾಸ್ತರು ಸಾವಿರಗಟ್ಟಲೆ ಬೇಕಾದಾಗ ತಾನಾಗಿ ಸಡಿಲಗೊಂಡಿತು. ಓದು ಬಲ್ಲವರೇ ವಿರಳವಾಗಿದ್ದ ಆ ಕಾಲದಲ್ಲಿ ಪದವೀಧರರಾದ ನಿಮಗೆ ಎರಡು ದಾರಿಗಳಿದ್ದವು. ಒಂದು, ತುರ್ತು ಕಮಿಷನ್ ಪಡೆದು ಅಧಿಕಾರಿಯಾಗುವುದು. ಯುದ್ಧದ ಆರಂಭದಲ್ಲಿ ಸಾವಿರಕ್ಕೂ ಕಡಿಮೆಯಿದ್ದ ಭಾರತೀಯ ಅಧಿಕಾರಿಗಳ ಸಂಖ್ಯೆ ಕೊನೆಯ ಹೊತ್ತಿಗೆ 8,000 ದಾಟಿತ್ತು. ಇನ್ನೊಂದು, ಹವಾಲ್ದಾರ್ ಕ್ಲರ್ಕ್ ಆಗಿ ಸೇರುವುದು. ಎರಡರಲ್ಲಿ ಯಾವುದೇ ಆಗಿದ್ದರೂ, ಕನ್ನಡಕ ಮತ್ತು ಲೆಕ್ಕಪತ್ರದ ಅನುಭವ ನಿಮ್ಮನ್ನು ಎಳೆದೊಯ್ಯುತ್ತಿದ್ದದ್ದು ಸರಬರಾಜು ವಿಭಾಗಕ್ಕೆ, ಅಂದರೆ ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್‌ಗೋ ಆರ್ಡ್ನೆನ್ಸ್ ಕೋರ್‌ಗೋ ಎಂದು ನಾನು ಭಾವಿಸುತ್ತೇನೆ.

ಈ ಮಾತು ಕೇಳಿ ನಿಮಗೆ ನಿರಾಸೆಯಾಗಬಾರದು ಎಂಬ ಕಾರಣಕ್ಕೆ ಒಂದು ಜಾಗವನ್ನು ಸ್ವಲ್ಪ ವಿವರವಾಗಿ ತೋರಿಸುತ್ತೇನೆ. ಈಗಿನ ನಾಗಾಲ್ಯಾಂಡಿನ ದಿಮಾಪುರ ಆಗ ರೈಲುಮಾರ್ಗದ ಮೇಲಿನ ಒಂದು ನಿಲ್ದಾಣ. ಕೊಹಿಮಾ ಮತ್ತು ಇಂಫಾಲಕ್ಕೆ ಹೋಗುವ ಬೆಟ್ಟದ ರಸ್ತೆ ಅಲ್ಲಿಂದ ಹೊರಡುತ್ತಿತ್ತು. ಬರ್ಮಾ ಗಡಿಯಲ್ಲಿ ಹೋರಾಡುವ ಸೇನೆಗೆ ಬೇಕಾದ ಆಹಾರ, ಮದ್ದುಗುಂಡು, ಪೆಟ್ರೋಲು, ಔಷಧಗಳನ್ನು ಅಲ್ಲಿ 11 ಮೈಲಿ ಉದ್ದ, 1 ಮೈಲಿ ಅಗಲದ ಪ್ರದೇಶದಲ್ಲಿ ಪೇರಿಸಿಡಲಾಗಿತ್ತು. 1944ರ ವಸಂತದಲ್ಲಿ ಜಪಾನಿ ಪಡೆ ಕೊಹಿಮಾದತ್ತ ನುಗ್ಗಿದಾಗ, ಬ್ರಿಟಿಷರ 14ನೆಯ ಸೇನೆಯ ದಂಡನಾಯಕ ವಿಲಿಯಂ ಸ್ಲಿಮ್ ದಿಮಾಪುರದ ಅಧಿಕಾರಿಯನ್ನು, ಇಲ್ಲಿ ರೇಷನ್ ಪಡೆಯುವವರು ಎಷ್ಟು ಜನ ಎಂದು ಕೇಳಿದರು. ಸುಮಾರು 45,000 ಎಂಬ ಉತ್ತರ ಬಂತು. ಅವರಲ್ಲಿ ಬಂದೂಕು ಹಾರಿಸಬಲ್ಲವರು ಎಷ್ಟು ಎಂದಾಗ, ಹುಡುಕಿದರೆ 500 ಜನ ಸಿಕ್ಕಬಹುದು ಎಂದರು. ನಿಮ್ಮನ್ನು ನೀವು ಕಲ್ಪಿಸಿಕೊಳ್ಳುವುದಾದರೆ ಆ 45,000 ಜನರ ನಡುವೆ ಕಲ್ಪಿಸಿಕೊಳ್ಳಿ. ತಗಡಿನ ಮಾಡಿನ ಕೆಳಗೆ ಲೆಡ್ಜರ್ ಇಟ್ಟುಕೊಂಡು, ಯಾವ ಬೆಟಾಲಿಯನ್‌ಗೆ ಎಷ್ಟು ಮೂಟೆ ಹೋಯಿತು, ಎಷ್ಟು ಡಬ್ಬ ಬರಬೇಕು ಎಂದು ಬರೆಯುತ್ತಿರುವಾಗಲೇ ಸುಮಾರು 70 ಕಿಲೊಮೀಟರ್ ದೂರದ ಕೊಹಿಮಾದಲ್ಲಿ ಶತ್ರು ಬಂದು ನಿಂತಿದ್ದಾನೆ ಎಂಬ ಸುದ್ದಿ ತಲುಪುತ್ತದೆ. ಕೊಹಿಮಾ ಬಿದ್ದರೆ ಮುಂದಿನ ಗುರಿ ನಿಮ್ಮ ಉಗ್ರಾಣ. ಅದು ಕೈತಪ್ಪಿದರೆ ಇಂಫಾಲದ ದಾರಿಗೂ ಬೆಟ್ಟದ ಮೇಲಿನ ಸೈನಿಕರಿಗೂ ಆಧಾರವಿಲ್ಲ. ನೀವು ಅದುವರೆಗೆ ಗುಂಡು ಹಾರಿಸಿಲ್ಲ, ಆದರೂ ನಾಳೆ ಕಂದಕದಲ್ಲಿ ನಿಲ್ಲು ಎಂದರೆ ನಿಲ್ಲಬೇಕು. ಯುದ್ಧದ ಕಥೆಗಳಲ್ಲಿ ಈ ಗುಮಾಸ್ತನಿಗೆ ಜಾಗ ಸಿಕ್ಕದಿರುವುದು ದೊಡ್ಡ ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಅದೇ ರಂಗದ ಇನ್ನೊಂದು ಸತ್ಯ ರೋಗ. 1943ರಲ್ಲಿ ಗಾಯಗೊಂಡು ಹಿಂದಕ್ಕೆ ಸಾಗಿಸಲಾದ ಪ್ರತಿಯೊಬ್ಬನಿಗೆ ಪ್ರತಿಯಾಗಿ ಕಾಯಿಲೆ ಬಿದ್ದು ಸಾಗಿಸಲಾದವರು 120 ಜನ ಎಂದು ಸ್ಲಿಮ್ ದಾಖಲಿಸಿದ್ದಾರೆ. ಮಲೇರಿಯಾ ತಡೆಯುವ ಮೆಪಾಕ್ರಿನ್ ಮಾತ್ರೆ ನುಂಗಿದವರ ಚರ್ಮ ಹಳದಿಗೆ ತಿರುಗುತ್ತಿತ್ತು; ಸೈನಿಕರು ಅದನ್ನು ನುಂಗಲು ಹಿಂಜರಿದಾಗ ಸ್ಲಿಮ್ ದಿಢೀರ್ ತಪಾಸಣೆ ಮಾಡಿಸಿ ಮೂವರು ಕಮಾಂಡಿಂಗ್ ಅಧಿಕಾರಿಗಳನ್ನೇ ಹುದ್ದೆಯಿಂದ ತೆಗೆದುಹಾಕಿದರು. ಆದ್ದರಿಂದ ನೀವು ಯಾವ ವಿಭಾಗದಲ್ಲಿದ್ದರೂ ಒಂದಷ್ಟು ದಿನ ಜ್ವರದಲ್ಲಿ ಮಲಗಿರುತ್ತಿದ್ದಿರಿ ಎಂದು ಮಾತ್ರ ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು.

ಪೈಲಟ್ ಕನಸಿನ ವಿಷಯಕ್ಕೆ ಬಂದರೆ, ಕಣ್ಣಿನ ಪರೀಕ್ಷೆಯಲ್ಲೇ ನಿಮ್ಮನ್ನು ಹಿಂದಕ್ಕೆ ಕಳಿಸುವ ಸಾಧ್ಯತೆ ಹೆಚ್ಚಿತ್ತು. ಪಾಸಾಗಿದ್ದರೆ ಏನಾಗುತ್ತಿತ್ತು ಎಂಬುದನ್ನೂ ತಿಳಿದಿರಿ. ಬ್ರಿಟನ್ನಿನ ಬಾಂಬರ್ ಕಮಾಂಡ್‌ನಲ್ಲಿ ಹಾರಿದ ಸುಮಾರು 1,25,000 ಜನರಲ್ಲಿ 55,573 ಮಂದಿ ಸತ್ತರು. ಅವರೆಲ್ಲ ತಾವಾಗಿ ಮುಂದೆ ಬಂದವರು, ಬಹುಪಾಲು ನಿಮಗಿಂತ ಚಿಕ್ಕವರು.

ಪ್ರಶ್ನೆ: ನಾನು ಗಣಿತದಲ್ಲಿ ಸ್ನಾತಕೋತ್ತರ ಪದವಿ ಪಡೆದ ಮಹಿಳೆ. ಇಂತಹ ಕಲ್ಪನೆಯಲ್ಲಿ ನನಗೆ ಸಿಕ್ಕುವುದು ದಾದಿಯ ಪಾತ್ರವೊಂದೇ. ಬೇರೆ ಯಾವ ಜಾಗವೂ ಇರಲಿಲ್ಲವೇ?

ಉತ್ತರ: ಇತ್ತು, ಆದರೆ ಯಾವ ದೇಶದಲ್ಲಿ ಹುಟ್ಟಿರುತ್ತಿದ್ದಿರಿ ಎಂಬುದರ ಮೇಲೆ ಅದು ನಿಂತಿತ್ತು. ಸೋವಿಯತ್ ಒಕ್ಕೂಟದಲ್ಲಾಗಿದ್ದರೆ ಮುಂಚೂಣಿಯೇ ನಿಮಗೆ ತೆರೆದಿರುತ್ತಿತ್ತು. ಅಲ್ಲಿ ಸುಮಾರು 8 ಲಕ್ಷ ಮಹಿಳೆಯರು ಸೇನೆಯಲ್ಲಿದ್ದರು. ಮರ ಮತ್ತು ಬಟ್ಟೆಯಿಂದ ಮಾಡಿದ ನಿಧಾನಗತಿಯ ಪೊ-2 ವಿಮಾನಗಳಲ್ಲಿ ರಾತ್ರಿ ಬಾಂಬು ಹಾಕುತ್ತಿದ್ದ 588ನೆಯ ರೆಜಿಮೆಂಟಿನಲ್ಲಿ ಪೈಲಟ್‌ಗಳಿಂದ ಹಿಡಿದು ಮೆಕ್ಯಾನಿಕ್‌ಗಳವರೆಗೆ ಇದ್ದವರೆಲ್ಲ ಮಹಿಳೆಯರೇ. ಬ್ರಿಟನ್ನಿನಲ್ಲಿ 1941ರ ಡಿಸೆಂಬರ್‌ನಿಂದ 20ರಿಂದ 30 ವರ್ಷದ ಅವಿವಾಹಿತ ಮಹಿಳೆಯರಿಗೂ ಯುದ್ಧಸೇವೆ ಕಡ್ಡಾಯವಾಯಿತು. ನಿಮ್ಮ ಗಣಿತ ನಿಮ್ಮನ್ನು ಬಹುಶಃ ಬ್ಲೆಚ್ಲಿ ಪಾರ್ಕ್‌ಗೆ ಕರೆದೊಯ್ಯುತ್ತಿತ್ತು. ಜರ್ಮನ್ ಸಂಕೇತಗಳನ್ನು ಒಡೆಯುವ ಆ ಕೇಂದ್ರದಲ್ಲಿ ನಾಲ್ವರಲ್ಲಿ ಮೂವರು ಮಹಿಳೆಯರು. ಹೆಚ್ಚಿನವರು ಯಂತ್ರ ನಡೆಸುವ, ಕಾರ್ಡು ಜೋಡಿಸುವ ಕೆಲಸದಲ್ಲಿದ್ದರು. ಅಲ್ಲಿನ ಗಣಿತಜ್ಞೆ ಜೋನ್ ಕ್ಲಾರ್ಕ್ ಅವರಿಗೆ ಬಡ್ತಿ ಕೊಡಬೇಕಾದಾಗ ಮಹಿಳಾ ಸಂಕೇತಭೇದಕರಿಗೆಂದು ಹುದ್ದೆಯ ದರ್ಜೆಯೇ ಇರಲಿಲ್ಲವಾಗಿ, ಯಾವ ಪರಭಾಷೆಯೂ ಬಾರದ ಅವರನ್ನು ಭಾಷಾತಜ್ಞೆ ಎಂದು ನಮೂದಿಸಿದರು. ಅಲ್ಲಿ ದುಡಿದವರು 1970ರ ದಶಕದವರೆಗೆ ತಮ್ಮ ಕೆಲಸದ ಬಗ್ಗೆ ಗಂಡನಿಗಾಗಲೀ ಹೆತ್ತವರಿಗಾಗಲೀ ಬಾಯಿ ಬಿಡುವಂತಿರಲಿಲ್ಲ. ನೀವು ಅಲ್ಲಿದ್ದಿದ್ದರೆ, ಯುದ್ಧದಲ್ಲಿ ಅಮ್ಮ ಏನು ಮಾಡಿದಳು ಎಂದು ನಿಮ್ಮ ಮಕ್ಕಳಿಗೇ ಬಹುಕಾಲ ತಿಳಿಯುತ್ತಿರಲಿಲ್ಲ.

ಭಾರತದಲ್ಲಿ 1942ರಲ್ಲಿ ಮಹಿಳಾ ಸಹಾಯಕ ದಳ ಆರಂಭವಾಗಿ ಕಚೇರಿ, ದೂರವಾಣಿ, ಸಂಕೇತಲಿಪಿಯ ಕೆಲಸಗಳಿಗೆ ಮಹಿಳೆಯರನ್ನು ತೆಗೆದುಕೊಂಡಿತು. ಸಿಂಗಪುರದಲ್ಲಿ 1943ರಲ್ಲಿ ಕ್ಯಾಪ್ಟನ್ ಲಕ್ಷ್ಮಿಯವರ ನೇತೃತ್ವದಲ್ಲಿ ಆಜಾದ್ ಹಿಂದ್ ಫೌಜ್‌ನ ಮಹಿಳಾ ಪಡೆಯಾದ ಝಾನ್ಸಿ ರಾಣಿ ರೆಜಿಮೆಂಟ್ ಕಟ್ಟಿದಾಗ, ಭಾರತವನ್ನು ಕಣ್ಣಿಂದ ಕಂಡೇ ಇರದ ಮಲಯಾದ ರಬ್ಬರ್ ತೋಟಗಳ ಹುಡುಗಿಯರೂ ಸೇರಿದರು. ಆದರೆ ಅತಿ ಹೆಚ್ಚು ಮಹಿಳೆಯರು ಯುದ್ಧವನ್ನು ಕಂಡದ್ದು ಯಾವ ಪಡೆಯಲ್ಲಿಯೂ ಅಲ್ಲ. 1943ರ ಬಂಗಾಳದಲ್ಲಿ ಅಕ್ಕಿಯ ಬೆಲೆ ಕೈಮೀರಿದಾಗ ಮಕ್ಕಳನ್ನು ಎತ್ತಿಕೊಂಡು ಕಲ್ಕತ್ತೆಯ ದಾರಿ ಹಿಡಿದ ತಾಯಂದಿರೂ ಆ ಯುದ್ಧದಲ್ಲಿದ್ದವರೇ. ಕಲ್ಪನೆಯಲ್ಲಿ ಆ ಜಾಗವನ್ನು ಯಾರೂ ತಮಗಾಗಿ ಆರಿಸಿಕೊಳ್ಳುವುದಿಲ್ಲ.

ಪ್ರಶ್ನೆ: ಬ್ರಿಟಿಷರ ಸೇನೆಯಲ್ಲಿ ದುಡಿಯುವ ಮಾತೇ ನನಗೆ ಒಪ್ಪಿಗೆಯಿಲ್ಲ. ನಾನು ಆಗ ಇದ್ದಿದ್ದರೆ ಆಜಾದ್ ಹಿಂದ್ ಫೌಜ್‌ನಲ್ಲಿ ಇರುತ್ತಿದ್ದೆ, ಇಲ್ಲವೇ ಜೈಲಿನಲ್ಲಿ ಇರುತ್ತಿದ್ದೆ. ಈ ವಿಶ್ವಾಸ ತಪ್ಪೇ?

ಉತ್ತರ: ನಿಮ್ಮ ಭಾವನೆಯನ್ನು ನಾನು ಗೌರವಿಸುತ್ತೇನೆ, ವಿಶ್ವಾಸದ ಬಗ್ಗೆ ಮಾತ್ರ ನನಗೆ ತಕರಾರಿದೆ. ಯುದ್ಧ ಹೇಗೆ ಮುಗಿಯಿತು, 1947ರಲ್ಲಿ ಏನಾಯಿತು ಎಂಬುದು ನಿಮಗೆ ಗೊತ್ತು. 1942ರಲ್ಲಿ ನಿರ್ಧರಿಸಬೇಕಾಗಿದ್ದವರಿಗೆ ಅದು ಗೊತ್ತಿರಲಿಲ್ಲ. ಆ ವರ್ಷದ ಆಗಸ್ಟ್‌ನಲ್ಲಿ ಕ್ವಿಟ್ ಇಂಡಿಯಾ ಚಳವಳಿ ಹೊತ್ತಿಕೊಂಡು ವರ್ಷದ ಕೊನೆಯೊಳಗೆ 60,000ಕ್ಕೂ ಹೆಚ್ಚು ಜನ ಬಂಧನಕ್ಕೊಳಗಾದರು. ಅದೇ ತಿಂಗಳುಗಳಲ್ಲಿ ಸೇನೆಯ ಭರ್ತಿಯೂ ಸಾವಿರಗಟ್ಟಲೆಯಲ್ಲಿ ನಡೆದೇ ಇತ್ತು. ಈ ಎರಡು ಗುಂಪಿನವರು ಬೇರೆ ಬೇರೆ ಮಣ್ಣಿನಿಂದ ಬಂದವರಲ್ಲ. ಒಂದೇ ಮನೆಯ ಅಣ್ಣ ಜೈಲಿಗೆ, ತಮ್ಮ ಸಂಬಳಕ್ಕಾಗಿ ಸೇನೆಗೆ ಹೋಗುವುದು ಅಸಂಭವವೇನೂ ಆಗಿರಲಿಲ್ಲ.

ಕೊಡಗಿನ ಒಂದು ಮನೆಯನ್ನೇ ನೋಡಿ. ಮುಂದೆ ಸ್ವತಂತ್ರ ಭಾರತದ ಸೇನಾ ಮುಖ್ಯಸ್ಥರಾದ ಕೆ. ಎಸ್. ತಿಮ್ಮಯ್ಯನವರು ಭಾರತೀಯ ಸೇನೆಯ ಅಧಿಕಾರಿಯಾಗಿ ಬರ್ಮಾ ರಂಗದಲ್ಲಿ ಜಪಾನಿಯರ ವಿರುದ್ಧ ಹೋರಾಡಿದರು. ಅವರ ಅಣ್ಣ ಪೊನ್ನಪ್ಪನವರು ಆಜಾದ್ ಹಿಂದ್ ಫೌಜ್ ಸೇರಿದ್ದರು. ಇವರಲ್ಲಿ ಒಬ್ಬರಿಗೆ ದೇಶದ ಮೇಲೆ ಪ್ರೀತಿಯಿತ್ತು, ಇನ್ನೊಬ್ಬರಿಗೆ ಇರಲಿಲ್ಲ ಎನ್ನಲು ನನಗಂತೂ ಬಾಯಿ ಬಾರದು. ಯುದ್ಧ ಬಂದಾಗ ಯಾರ ಪಡೆ ಯಾವ ದಡದಲ್ಲಿತ್ತು ಎಂಬುದೇ ಎಷ್ಟೋ ಜನರ ಪಾಲಿಗೆ ಮೊದಲ ನಿರ್ಧಾರವಾಗಿತ್ತು, ಮತ್ತು ಆ ನಿರ್ಧಾರ ಅವರದಾಗಿರಲಿಲ್ಲ. ಬ್ರಿಟಿಷರ ಕೈಕೆಳಗಿನ ಭಾರತೀಯ ಸೇನೆಯ ಕೆಲವು ಹೇಸರಗತ್ತೆ ಕಂಪನಿಗಳು 1939ರ ಕೊನೆಯಲ್ಲಿ ಫ್ರಾನ್ಸಿಗೆ ಹೋಗಿ, ಮರುವರ್ಷ ಡಂಕರ್ಕ್‌ನ ಮರಳ ದಂಡೆ ತಲುಪಿದವು. ಕೆಲವು ಬೆಟಾಲಿಯನ್‌ಗಳು ಈಜಿಪ್ಟಿನ ಮರುಭೂಮಿಗೆ ಹೋದವು. ಇನ್ನು ಕೆಲವು ಮಲಯಾಕ್ಕೆ.

ಮಲಯಾಕ್ಕೆ ಹೋದವರ ಕಥೆ ನಿಮ್ಮ ಪ್ರಶ್ನೆಗೆ ನೇರವಾಗಿ ಸೇರಿದ್ದು. 1942ರ ಫೆಬ್ರವರಿ 15ರಂದು ಸಿಂಗಪುರ ಶರಣಾಯಿತು. ಎರಡು ದಿನಗಳ ಬಳಿಕ ಫ್ಯಾರರ್ ಪಾರ್ಕ್ ಮೈದಾನದಲ್ಲಿ ಭಾರತೀಯ ಸೈನಿಕರನ್ನು ಬೇರೆಯಾಗಿ ಸೇರಿಸಿ, ಬ್ರಿಟಿಷ್ ಅಧಿಕಾರಿಯೊಬ್ಬರು ಅವರನ್ನು ಜಪಾನಿನ ಮೇಜರ್ ಫುಜಿವಾರಾ ಅವರಿಗೆ ಒಪ್ಪಿಸಿದರು. 14ನೆಯ ಪಂಜಾಬ್ ರೆಜಿಮೆಂಟಿನ ಕ್ಯಾಪ್ಟನ್ ಮೋಹನ್ ಸಿಂಗ್, ಭಾರತದ ಸ್ವಾತಂತ್ರ್ಯಕ್ಕಾಗಿ ಹೊಸ ಸೇನೆ ಸೇರುವಂತೆ ಅಲ್ಲಿಯೇ ಕರೆ ಕೊಟ್ಟರು. ಸುಭಾಷ್ ಚಂದ್ರ ಬೋಸ್ ಇನ್ನೂ ಜರ್ಮನಿಯಲ್ಲಿದ್ದರು. ಸಿಂಗಪುರಕ್ಕೆ ಅವರು ಬಂದದ್ದು ಮರುವರ್ಷ. ಹಲವರು ಸೇರಿದರು, ಕೆಲವರು ಸ್ವಾತಂತ್ರ್ಯದ ಆಸೆಯಿಂದ, ಕೆಲವರು ತಮ್ಮನ್ನು ಬಿಟ್ಟುಕೊಟ್ಟ ಬ್ರಿಟಿಷರ ಮೇಲಿನ ಸಿಟ್ಟಿನಿಂದ, ಕೆಲವರು ಜೊತೆಗಾರರನ್ನು ಜಪಾನಿಯರ ಕೈಯಿಂದ ಕಾಪಾಡುವುದಕ್ಕೆ. ಉಂಡ ಉಪ್ಪಿಗೆ ಎರಡು ಬಗೆಯಲಾರೆವು ಎಂದು ಒಲ್ಲದವರೂ ಸಾವಿರಾರು ಮಂದಿ ಇದ್ದರು. ಹೀಗೆ ಸೆರೆಯಲ್ಲಿ ಉಳಿದವರಲ್ಲಿ ಅನೇಕರನ್ನು ಕೂಲಿಯಾಳುಗಳನ್ನಾಗಿ ನ್ಯೂಗಿನಿಯ ಕಡೆಯ ದ್ವೀಪಗಳಿಗೆ ಹಡಗಿನಲ್ಲಿ ಸಾಗಿಸಲಾಯಿತು. ಬಹಳ ಮಂದಿ ಅಲ್ಲಿಂದ ಹಿಂತಿರುಗಲಿಲ್ಲ.

ಆದ್ದರಿಂದ ನೀವು ಕಲ್ಪಿಸಿಕೊಳ್ಳುವುದಾದರೆ ಆ ಮೈದಾನದಿಂದ ಆರಂಭಿಸಿ ಎಂದು ಕೇಳಿಕೊಳ್ಳುತ್ತೇನೆ. ಎರಡು ತಿಂಗಳು ಹಿಮ್ಮೆಟ್ಟಿ ನಡೆದು ಸೋತು ನಿಂತಿದ್ದೀರಿ, ಮನೆಯಿಂದ ಕಾಗದ ಬಂದು ಎಷ್ಟೋ ಕಾಲವಾಗಿದೆ, ಪಕ್ಕದಲ್ಲಿ ನಿಮ್ಮದೇ ಊರಿನ ಹುಡುಗನೊಬ್ಬ ನಿಮ್ಮ ಮುಖವನ್ನೇ ನೋಡುತ್ತಿದ್ದಾನೆ. ವೇದಿಕೆಯ ಮೇಲಿಂದ, ಯಾರು ಬರುತ್ತೀರಿ ಎಂದು ಕೇಳುತ್ತಿದ್ದಾರೆ. ನೀವು ಕೈ ಎತ್ತುತ್ತಿದ್ದಿರೋ ಇಲ್ಲವೋ ಎಂಬುದನ್ನು ನಾನು ಹೇಳಲಾರೆ. ಆ ಹುಡುಗನಿಗೆ ಏನು ಹೇಳುತ್ತಿದ್ದಿರಿ ಎಂದು ಯೋಚಿಸಿ, ಸಾಧ್ಯವಾದರೆ ಇನ್ನೊಂದು ಪತ್ರ ಬರೆಯಿರಿ.